ಕೀರ್ದಿ ಪುಸ್ತಕದಲ್ಲಿ ಒಂದು ಓಟದ ಡ್ರೋನ್

ಹೋದ ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಹೋರಿ ಬೆದರಿಸುವ ಹಬ್ಬ ನೋಡಿ ಬಂದು, ಕಾಲು ತೊಳೆದುಕೊಂಡು ಹಾನಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಒಂಬತ್ತನೇ ಇಯತ್ತೆ ಓದುವ ಮೊಮ್ಮಗಳು ಒಂದು ಹಾಳೆ ಹಿಡಿದು ಎದುರಿಗೆ ನಿಂತಳು. ಹಾಳೆಯ ತಲೆಯ ಮೇಲೆ ‘ರೇಸಿಂಗ್ ಡ್ರೋನ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಹದಿನಾಲ್ಕು ಸಾಲು ಸಾಮಾನು, ಸಾಲಿಗೊಂದು ಬೆಲೆ. ಬುಡದಲ್ಲಿ ಎರಡು ಗೆರೆ ಎಳೆದು ಮೊತ್ತ ಹಾಕಿದ್ದಳು: ₹46,350.

“ಅಜ್ಜಾ, ಕೂಡಿಸಿದ್ದು ಬರೋಬರಿ ಐತೇನು ನೋಡು.”

ನಾನು ಬಿ.ಕಾಂ. ಮುಗಿಸಿ 1976ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ವರ್ಗವಾಗುತ್ತ, ಮೂವತ್ತಾರು ವರ್ಷ ಬೇರೆಯವರ ದುಡ್ಡನ್ನು ಕೂಡಿಸುತ್ತಲೇ ಕಳೆದೆ. ಬೆರಳು ಮಡಚಿ ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿಸಿ ನೋಡಿದೆ. ಮೊತ್ತ ಸರಿಯಾಗಿತ್ತು. ತಪ್ಪು ಇದ್ದದ್ದು ಬೇರೆ ಕಡೆ.

ಅಷ್ಟರಲ್ಲಿ ನನ್ನ ಮಗ ಬಾಗಿಲಿಗೆ ಬಂದ. “ಅಪ್ಪಾ, ಬರೂ ವರ್ಷ ಎಸ್ಸೆಸ್ಸೆಲ್ಸಿ. ಆಟಿಗಿ ಸಾಮಾನಿಗೆ ಇಷ್ಟು ರೊಕ್ಕ ಯಾರರ ಹಾಕ್ತಾರೇನು?” ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಮೊಮ್ಮಗಳ ಕಣ್ಣು ತುಂಬಿತು. ಹಾಳೆಯನ್ನು ನನ್ನ ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟುಕೊಂಡು, “ಎಂಟು ದಿನ ಟೈಮ್ ಕೊಡವ್ವ. ಸಾಲದ ಅರ್ಜಿ ಬಂದ ದಿನಾನ ಮಂಜೂರ ಮಾಡೂದಿಲ್ಲ” ಎಂದೆ.

ಆ ಎಂಟು ದಿನ ನಾನು ಡ್ರೋನಿನ ಬಗ್ಗೆ ಓದಿದೆ. ತಿಳಿಯದ್ದನ್ನು ಅವಳನ್ನೇ ಕೇಳಿದೆ. ನನಗೆ ನಲವತ್ತೈದು ದಾಟಿದ ಮೇಲೆ ನಮ್ಮ ಶಾಖೆಗೆ ಕಂಪ್ಯೂಟರ್ ಬಂದಿತ್ತು. ಆಗ ನನಗೆ ಕಲಿಸಿದವನು ಇಪ್ಪತ್ನಾಲ್ಕರ ಹುಡುಗ. ಈಗ ಹದಿನಾಲ್ಕರ ಹುಡುಗಿ ಕಲಿಸಿದಳು. ಕಲಿಯುವವನಿಗೆ ನಾಚಿಕೆ ಇರಬಾರದು ಎಂಬುದನ್ನು ನಾನು ಆಗಲೇ ಕಲಿತಾಗಿತ್ತು.

ಓಟದ ಡ್ರೋನ್ ಎಂದರೆ

ನಮ್ಮ ಕಡೆಯ ಮಕ್ಕಳಿಗೆ ಡ್ರೋನ್ ಹೊಸದಲ್ಲ. ಹೊಲದಲ್ಲಿ ಔಷಧ ಹೊಡೆಯುವ ದೊಡ್ಡ ಡ್ರೋನ್ ನೋಡಿದ್ದೀರಿ. ಹಳ್ಳಿಯ ಮನೆ-ಜಾಗಗಳನ್ನು ಮೇಲಿನಿಂದ ಅಳೆಯುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾದಾಗ, ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮದುವೆಯಲ್ಲಿ ಅಕ್ಷತೆ ಬೀಳುವಾಗ ತಲೆಯ ಮೇಲೆ ಗುಂಯ್ ಎನ್ನುವುದಂತೂ ಎಲ್ಲರಿಗೂ ಗೊತ್ತು. ಇವೆಲ್ಲ ನಿಧಾನಸ್ಥ ಡ್ರೋನ್‌ಗಳು. ಕೈ ಬಿಟ್ಟರೆ ಗಾಳಿಯಲ್ಲಿ ತಾವೇ ನಿಲ್ಲುತ್ತವೆ.

ಓಟದ ಡ್ರೋನ್ ಹಾಗಲ್ಲ. ಅದರ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇರುತ್ತದೆ. ಹಾರಿಸುವವರು ಕಣ್ಣಿಗೆ ಗಾಗಲ್ ಹಾಕಿಕೊಂಡು, ಡ್ರೋನಿನ ಒಳಗೇ ಕೂತಂತೆ ಆ ಕ್ಯಾಮೆರಾದ ಚಿತ್ರ ನೋಡುತ್ತ ಹಾರಿಸುತ್ತಾರೆ. ದಾರಿಯುದ್ದಕ್ಕೂ ಕಮಾನುಗಳಿರುತ್ತವೆ. ಒಂದನ್ನೂ ಬಿಡದೆ ನುಸುಳಿ, ಮೊದಲು ಗುರಿ ಮುಟ್ಟಿದವರು ಗೆದ್ದಂತೆ. ತಾನೇ ಸಮತೋಲ ಮಾಡಿಕೊಳ್ಳುವ ಅನುಕೂಲವನ್ನು ಓಟದಲ್ಲಿ ತೆಗೆದುಹಾಕಿರುತ್ತಾರೆ. ವಾಲಿಸಿದರೆ ವಾಲಿದಂತೆಯೇ ಇರುತ್ತದೆ. ನೆಟ್ಟಗೆ ಮಾಡುವುದೂ ನಮ್ಮ ಬೆರಳಿನದೇ ಕೆಲಸ.

ಇದು ಎಳೆಯರು ಗೆಲ್ಲುವ ಆಟ. 2016ರ ಮಾರ್ಚ್‌ನಲ್ಲಿ ದುಬೈಯಲ್ಲಿ ನಡೆದ ‘ವರ್ಲ್ಡ್ ಡ್ರೋನ್ ಪ್ರಿ’ ಸ್ಪರ್ಧೆಯಲ್ಲಿ ಎರಡೂವರೆ ಲಕ್ಷ ಡಾಲರ್ ಬಹುಮಾನ ಗೆದ್ದದ್ದು ಇಂಗ್ಲೆಂಡಿನ ಲ್ಯೂಕ್ ಬ್ಯಾನಿಸ್ಟರ್ ಮುಂದಾಳಾಗಿ ಹಾರಿಸಿದ ತಂಡ. ಅವನ ವಯಸ್ಸು ಆಗ 15. 2018ರಲ್ಲಿ ಚೀನಾದ ಶೆನ್‌ಝೆನ್‌ನಲ್ಲಿ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ ನಡೆಸಿದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಆಸ್ಟ್ರೇಲಿಯಾದ ರೂಡಿ ಬ್ರೌನಿಂಗ್‌ಗೂ 15 ವರ್ಷವೇ. ಈ ಎರಡು ಹೆಸರು ಹೇಳಿದ ಮೇಲೆ ನನ್ನ ಮಗ ಸ್ವಲ್ಪ ಸುಮ್ಮನಾದ. ಒಪ್ಪಲಿಲ್ಲ, ಸುಮ್ಮನಾದ ಅಷ್ಟೆ.

ಎರಡು ಕಾಲಂ

ಎಂಟನೇ ದಿನ ಮೊಮ್ಮಗಳನ್ನು ಕೂಡಿಸಿಕೊಂಡು ಹಳೆಯ ಕೀರ್ದಿ ಪುಸ್ತಕ ತೆಗೆದೆ. ಹೊಸ ಪುಟದ ನಡುವೆ ಒಂದು ಗೆರೆ ಎಳೆದೆ. ಎಡಗಡೆ ‘ಉಳಿಯುವುದು’, ಬಲಗಡೆ ‘ಮುರಿಯುವುದು’ ಎಂದು ಬರೆದೆ. ಅವಳ ಪಟ್ಟಿಯ ಒಂದೊಂದೇ ಸಾಮಾನನ್ನು ಅವಳಿಂದಲೇ ಯಾವ ಕಡೆ ಎಂದು ಹೇಳಿಸಿದೆ.

ಕೈಯಲ್ಲಿ ಹಿಡಿಯುವ ರೇಡಿಯೋ ಟ್ರಾನ್ಸ್‌ಮಿಟರ್? ಅದು ಹಾರುವುದಿಲ್ಲ, ಬೀಳುವುದಿಲ್ಲ. ಉಳಿಯುತ್ತದೆ. ಗಾಗಲ್? ಉಳಿಯುತ್ತದೆ. ಚಾರ್ಜರ್, ಬೆಸುಗೆ ಕಡ್ಡಿ, ಮಲ್ಟಿಮೀಟರ್? ಉಳಿಯುತ್ತವೆ. ಚೌಕಟ್ಟು, ಮೋಟರು, ರೆಕ್ಕೆ, ಕ್ಯಾಮೆರಾ? ನೆಲಕ್ಕೆ ಬಡಿಯುವುದು ಇವೇ. ಮುರಿಯುತ್ತವೆ. ಬ್ಯಾಟರಿ ಮುರಿಯದಿದ್ದರೂ ಸವೆಯುತ್ತದೆ, ಅದೂ ಬಲಗಡೆ.

ಕೂಡಿಸಿ ನೋಡಿದರೆ ಅವಳ ಪಟ್ಟಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬಲಗಡೆ ಬಿದ್ದಿತ್ತು. ಎಡಗಡೆ ಇದ್ದ ಟ್ರಾನ್ಸ್‌ಮಿಟರ್ ಎಲ್ಲಕ್ಕಿಂತ ಅಗ್ಗದ್ದು, ಆಟಿಕೆಯಂಥದು. ವಾಣಿಜ್ಯ ಓದಿದವರಿಗೆ ಇದು ಬಂಡವಾಳ ಖರ್ಚು, ಚಾಲ್ತಿ ಖರ್ಚಿನ ಮೊದಲ ಪಾಠ. ಹೊಸದಾಗಿ ಗಾಡಿ ಮಾಡುವ ರೈತ ಎತ್ತು, ಗಾಡಿಗೆ ದುಡ್ಡು ಹಾಕುತ್ತಾನೋ, ಬಾರುಕೋಲಿಗೋ?

“ಮುರಿಯೂದು ಸಣ್ಣದಿರಲಿ. ಉಳಿಯೂದು ಚಲೋದಿರಲಿ” ಎಂದೆ. ಅವಳು ತುಸು ಹೊತ್ತು ಯೋಚಿಸಿ, ತನ್ನ ಐದು ಇಂಚಿನ ರೆಕ್ಕೆಯ ಡ್ರೋನನ್ನು ತಾನೇ ಹೊಡೆದುಹಾಕಿದಳು. ಅದರ ಜಾಗದಲ್ಲಿ ‘ವೂಪ್’ ಎಂದು ಬರೆದಳು.

ವೂಪ್ ಎಂದರೆ ಅಂಗೈಯಲ್ಲಿ ಕೂಡುವ ಓಟದ ಡ್ರೋನ್. ಮೂಲೆಯಿಂದ ಮೂಲೆಗೆ ಮೋಟರುಗಳ ನಡುವಿನ ಅಂತರ 65 ಮಿಲಿಮೀಟರ್. ರೆಕ್ಕೆಗಳ ಸುತ್ತ ಬಳೆಯಂಥ ಕಾವಲಿರುತ್ತದೆ. ಬ್ಯಾಟರಿ ಸೇರಿಸಿದರೂ ನಲವತ್ತು ಗ್ರಾಮಿನ ಒಳಗೇ. ಗೋಡೆಗೆ ಬಡಿದರೆ ಬಿದ್ದು ಎದ್ದು ಮತ್ತೆ ಹಾರುತ್ತದೆ. ಐದು ಇಂಚಿನದು ಅರ್ಧ ಕಿಲೋ ಮೀರುತ್ತದೆ, ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ಕಲಿಯುವವರ ಕೈಯಲ್ಲಿ ಅದು ಮುರಿಯುವುದಷ್ಟೇ ಅಲ್ಲ, ಯಾರನ್ನಾದರೂ ಗಾಯಗೊಳಿಸುತ್ತದೆ.

ಇನ್ನೊಂದು ಉಳಿತಾಯ ನನ್ನ ಹಳೆಯ ಗೆಳೆಯರಿಂದ ಬಂತು. ನಾಲ್ಕೂ ಶಾಖೆಗಳಲ್ಲಿ ನನ್ನ ಜೊತೆ ದುಡಿದವರಲ್ಲಿ ಊರಿಗೊಬ್ಬರಂತೆ ಇನ್ನೂ ಸಂಪರ್ಕದಲ್ಲಿದ್ದೇವೆ. ಫೋನಿನಲ್ಲಿ ವಿಷಯ ಹೇಳಿದಾಗ ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮೂರೂ ಮನೆಯ ಮೊಮ್ಮಕ್ಕಳು ನಾವೂ ಕಟ್ಟುತ್ತೇವೆ ಎಂದರಂತೆ. ಗಾಗಲ್ ದುಬಾರಿ. ನಾಲ್ಕು ಮನೆಯವರೂ ಕೂಡಿ ಒಂದೇ ಗಾಗಲ್ ಕೊಂಡೆವು. ತಿಂಗಳಿಗೊಂದು ಮನೆಯಲ್ಲಿ ಇರುತ್ತದೆ. ಅದಿಲ್ಲದ ತಿಂಗಳು ಮಕ್ಕಳು ಡ್ರೋನನ್ನು ನೇರವಾಗಿ ಕಣ್ಣಿನಿಂದ ನೋಡುತ್ತ ಮನೆಯೊಳಗೆ ಹಾರಿಸುತ್ತಾರೆ. ಅದೂ ಒಳ್ಳೆಯ ಅಭ್ಯಾಸವೇ.

ನಮ್ಮ ಪಾವತಿಗಳ ಪ್ರಕಾರ ಲೆಕ್ಕ ಹೀಗಿದೆ. ಅಂಗಡಿಯಿಂದ ಅಂಗಡಿಗೆ ಬೆಲೆ ಹೆಚ್ಚು-ಕಡಿಮೆ ಇರುತ್ತದೆ.

ಉಳಿಯುವುದು
ರೇಡಿಯೋ ಟ್ರಾನ್ಸ್‌ಮಿಟರ್: ₹6,500
ಗಾಗಲ್ (₹7,500ರಲ್ಲಿ ನಾಲ್ಕನೇ ಒಂದು ಪಾಲು): ₹1,875
ಚಾರ್ಜರ್: ₹1,200
ಬೆಸುಗೆ ಕಡ್ಡಿ, ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್‌ಗಳು: ₹1,400
ಒಟ್ಟು: ₹10,975

ಮುರಿಯುವುದು
ನಿಯಂತ್ರಣ ಬೋರ್ಡ್: ₹3,600
ಮೋಟರು ನಾಲ್ಕು: ₹3,000
ಕ್ಯಾಮೆರಾ ಮತ್ತು ವಿಡಿಯೊ ಟ್ರಾನ್ಸ್‌ಮಿಟರ್: ₹2,200
ಚೌಕಟ್ಟು, ಮೇಲಿನ ಚಿಪ್ಪು: ₹450
ರೆಕ್ಕೆ ಮೂರು ಜೊತೆ: ₹300
ಬ್ಯಾಟರಿ ಐದು: ₹1,750
ಒಟ್ಟು: ₹11,300

ಎರಡೂ ಸೇರಿ ₹22,275. ಅವಳ ಮೊದಲ ಪಟ್ಟಿಯ ಅರ್ಧಕ್ಕಿಂತ ಕಡಿಮೆ.

ಎಡಗಡೆಯದು ನನ್ನ ಖರ್ಚು, ಮನೆಯ ಆಸ್ತಿ. ಬಲಗಡೆಯದು ಅವಳದೇ ಖರ್ಚು ಎಂದು ಕರಾರು ಮಾಡಿದೆವು. ತನ್ನ ದುಡ್ಡು ಮುರಿದಾಗಲೇ ಅದರ ಬೆಲೆ ಗೊತ್ತಾಗುವುದು. ಅವಳ ಡಬ್ಬಿಯಲ್ಲಿ 5,400 ಇತ್ತು. ಯುಗಾದಿಗೆ ಬಟ್ಟೆ ಬೇಡವೆಂದು ಅಪ್ಪನಿಂದ 2,000 ಮುಂಗಡ ಪಡೆದಳು. ಸೋದರಮಾವ 1,500 ಕೊಟ್ಟ. ಅಜ್ಜಿ ಸೀರೆಯ ಸೆರಗಿನ ಗಂಟು ಬಿಚ್ಚಿ 1,000 ಕೊಟ್ಟಳು. ಕೊರತೆ ಬಿದ್ದ 1,400 ನನ್ನ ಸಾಲ, ಬಡ್ಡಿ ಇಲ್ಲ. ತಿಂಗಳಿಗೆ 200ರಂತೆ ಏಳು ಕಂತು. ಮಗನೂ ಒಂದು ಷರತ್ತು ಹಾಕಿದ: ಓದು ಹಿಂದೆ ಬಿದ್ದರೆ ಎಡಗಡೆಯ ಸಾಮಾನೆಲ್ಲ ಟ್ರಂಕಿಗೆ.

ಮೊದಲು ಕೈ, ಆಮೇಲೆ ಯಂತ್ರ

ಮೊದಲ ತಿಂಗಳು ಕೊಂಡದ್ದು ಟ್ರಾನ್ಸ್‌ಮಿಟರ್ ಒಂದೇ. ಡ್ರೋನಿಲ್ಲದೆ ಅದೇಕೆ ಎಂದು ಮನೆಯಾಕೆ ಕೇಳಿದಳು. ಅದನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಮೇಲೆ ಡ್ರೋನ್ ಹಾರುತ್ತದೆ. ಇದಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಉಚಿತವಾಗಿ ಸಿಗುವವೂ ಇವೆ. ಕಡ್ಡಿಗಳು ನಿಜವಾದವು, ಬೆರಳು ನಿಜವಾದವು, ಬೀಳುವುದು ಮಾತ್ರ ಸುಳ್ಳು. ಅಲ್ಲಿ ನೂರು ಸಲ ಬಿದ್ದರೂ ಅಸಲೂ ಹೋಗುವುದಿಲ್ಲ, ಬಡ್ಡಿಯೂ ಹೋಗುವುದಿಲ್ಲ.

ದಿನಾ ಅಭ್ಯಾಸ ಮುಗಿದ ಮೇಲೆ ಅರ್ಧ ತಾಸು. ಮೊದಲ ವಾರ ಒಂದು ಕಮಾನನ್ನೂ ದಾಟಲಿಲ್ಲ. ನಾನೂ ಒಮ್ಮೆ ಹಿಡಿದು ನೋಡಿದೆ. ಎಡಗಡ್ಡಿ ಮೇಲೆ ಮಾಡಿದರೆ ಏರುತ್ತದೆ, ಪಕ್ಕಕ್ಕೆ ಮಾಡಿದರೆ ಮುಖ ತಿರುಗಿಸುತ್ತದೆ. ಬಲಗಡ್ಡಿ ಎತ್ತ ಒತ್ತಿದರೆ ಅತ್ತ ವಾಲುತ್ತದೆ. ಹೇಳುವುದು ಸುಲಭ. ನಾಲ್ಕನ್ನೂ ಒಟ್ಟಿಗೆ ಮಾಡುವಾಗ ನನ್ನ ಡ್ರೋನ್ ಮೂರು ಸೆಕೆಂಡಿಗೇ ಮಣ್ಣು ಮುಕ್ಕಿತು. ಮನೆಯಾಕೆ ಒಗ್ಗರಣೆ ಹಾಕುವುದು ಬಿಟ್ಟು ನಕ್ಕಳು.

ಈ ಸುಳ್ಳು ಹಾರಾಟದಿಂದ ನಿಜವಾಗಿ ಕಲಿಯಬಹುದೇ ಎಂಬ ಸಂಶಯ ನನಗೂ ಇತ್ತು. ಜ್ಯೂರಿಕ್ ವಿಶ್ವವಿದ್ಯಾಲಯದ ಒಂದು ಸಂಶೋಧನೆ ಅದನ್ನು ಕಳೆಯಿತು. ಅಲ್ಲಿನವರು ‘ಸ್ವಿಫ್ಟ್’ ಎಂಬ, ಕಂಪ್ಯೂಟರ್ ತಾನೇ ಹಾರಿಸುವ ಡ್ರೋನ್ ಮಾಡಿದರು. ಅದಕ್ಕೆ ಹಾರುವುದನ್ನು ಕಲಿಸಿದ್ದು ಸಿಮ್ಯುಲೇಟರಿನಲ್ಲಿ. ಆಮೇಲೆ ಮೂವರು ಚಾಂಪಿಯನ್ನರ ಎದುರು ನಿಜವಾದ ಅಂಕಣದಲ್ಲಿ ಓಡಿಸಿದಾಗ, 25 ಓಟಗಳಲ್ಲಿ 15 ಗೆದ್ದಿತು. 2023ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಯಂತ್ರವೇ ಅಲ್ಲಿ ಬಿದ್ದು ಕಲಿತ ಮೇಲೆ ನಮ್ಮ ಹುಡುಗಿಗೆ ಏನು ಅವಮಾನ?

ಜನವರಿ ಮುಗಿಯುವ ಹೊತ್ತಿಗೆ ಅವಳು ಮೂರು ಸುತ್ತು ಬೀಳದೆ ಮುಗಿಸುತ್ತಿದ್ದಳು. ಆಗ ಬಲಗಡೆಯ ಕಾಲಂ ತೆರೆದೆವು.

ಪಡಸಾಲೆಯಲ್ಲಿ ಕಾರ್ಖಾನೆ

2022ರ ಫೆಬ್ರವರಿ 9ರಿಂದ ಪೂರ್ತಿ ತಯಾರಾದ ಡ್ರೋನನ್ನು ಹೊರದೇಶದಿಂದ ತರಿಸುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ಬಿಡಿಭಾಗ ತರಿಸಬಹುದು. ಹಾಗಾಗಿ ಇಲ್ಲಿ ಕಟ್ಟುವುದೇ ರೂಢಿಯ ದಾರಿ. ಬಿಡಿಭಾಗಗಳು ಕೊರಿಯರ್‌ನಲ್ಲಿ ಬಂದವು. ಬೆಸುಗೆ ಕಡ್ಡಿಯನ್ನು ಹುಬ್ಬಳ್ಳಿಗೆ ಹೋದಾಗ ತಂದೆ.

ಡ್ರೋನಿನಲ್ಲಿ ಇರುವುದು ಕೆಲವೇ ಅಂಗ. ನಡುವಿನ ಬೋರ್ಡ್ ಅದರ ಮಿದುಳು. ಅದರಲ್ಲಿರುವ ಗೈರೊ ಎಂಬ ಚೂರು, ಡ್ರೋನ್ ಎತ್ತ ತಿರುಗುತ್ತಿದೆ ಎಂದು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ. ಯಾವ ಮೋಟರಿಗೆ ಎಷ್ಟು ವಿದ್ಯುತ್ ಎಂಬುದನ್ನು ಮಿದುಳು ತೀರ್ಮಾನಿಸುತ್ತದೆ. ದೊಡ್ಡ ಡ್ರೋನಿನಲ್ಲಿ ವೇಗ ನಿಯಂತ್ರಕ, ರೇಡಿಯೋ ರಿಸೀವರ್ ಎಂದು ಬೇರೆ ಬೇರೆ ಚೂರುಗಳಿರುತ್ತವೆ; ನಮ್ಮ ವೂಪಿನಲ್ಲಿ ಎಲ್ಲವೂ ಒಂದೇ ಬೋರ್ಡಿನಲ್ಲಿ.

ನಾಲ್ಕು ಮೋಟರುಗಳಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ ಏಕೆ ತಿರುಗುತ್ತವೆ ಗೊತ್ತೇ ಮಕ್ಕಳೇ? ತಿರುಗುವ ಕುರ್ಚಿಯಲ್ಲಿ ಕಾಲೆತ್ತಿ ಕೂತು, ಎರಡೂ ಕೈಯನ್ನು ಜೋರಾಗಿ ಬಲಕ್ಕೆ ಬೀಸಿ ನೋಡಿ. ಕುರ್ಚಿ ಎಡಕ್ಕೆ ತಿರುಗುತ್ತದೆ. ನಾಲ್ಕೂ ರೆಕ್ಕೆ ಒಂದೇ ಕಡೆ ತಿರುಗಿದರೆ ಡ್ರೋನಿನ ಮೈ ಬುಗುರಿಯಂತೆ ಎದುರು ದಿಕ್ಕಿಗೆ ಸುತ್ತುತ್ತದೆ. ಎದುರು-ಬದುರು ಮೂಲೆಯ ಎರಡು ಒಂದು ಕಡೆ, ಉಳಿದೆರಡು ಇನ್ನೊಂದು ಕಡೆ ತಿರುಗಿದರೆ ಜಮೆ-ಖರ್ಚು ಸರಿಹೋಗುತ್ತದೆ. ಹಿಂದಿನ ಎರಡು ಜೋರಾದರೆ ಮೂತಿ ತಗ್ಗಿ ಮುಂದಕ್ಕೆ ಓಡುತ್ತದೆ.

ಮೋಟರಿನ ಮೇಲೆ 0802 ಎಂದು ಬರೆದಿತ್ತು. ಒಳಗಿನ ಸುರುಳಿಯ ಭಾಗ 8 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ಎತ್ತರ ಎಂದು ಅರ್ಥ. ಪಕ್ಕದಲ್ಲಿ 19,000 ಕೆವಿ. ಒಂದು ವೋಲ್ಟಿಗೆ ನಿಮಿಷಕ್ಕೆ 19,000 ಸುತ್ತು, ರೆಕ್ಕೆಯ ಭಾರ ಇಲ್ಲದಿದ್ದರೆ. ನಾಲ್ಕು ವೋಲ್ಟಿಗೆ ಎಷ್ಟಾಯಿತು? ಎಪ್ಪತ್ತಾರು ಸಾವಿರ! ಮೊಮ್ಮಗಳು ಬಾಯಿಲೆಕ್ಕದಲ್ಲೇ ಹೇಳಿದಳು. ನಾನು ಪೆನ್ನು ಹುಡುಕುತ್ತಿದ್ದೆ.

ಬೆಸುಗೆ ಅವಳೇ ಹಾಕಿದಳು. ನನ್ನ ಕೈ ನಡುಗುತ್ತದೆ. ನಾನು ಭೂತಗನ್ನಡಿ ಹಿಡಿದೆ. ಮೊದಲು ಹಳೆಯ ಟಾರ್ಚಿನ ತಂತಿಯ ತುಂಡುಗಳ ಮೇಲೆ ಮೂರು ಸಂಜೆ ಅಭ್ಯಾಸ ಮಾಡಿಸಿದೆ. ಕಿಟಕಿ ತೆರೆದಿರಬೇಕು, ಹೊಗೆ ಮುಖಕ್ಕೆ ಬರಬಾರದು, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಬ್ಯಾಟರಿ ಜೋಡಿಸುವ ಮುಂಚೆ ಕೂಡು-ಕಳೆ ತಂತಿಗಳು ಎಲ್ಲಾದರೂ ಮುಟ್ಟಿಕೊಂಡಿವೆಯೇ ಎಂದು ಮಲ್ಟಿಮೀಟರ್ ಇಟ್ಟು ನೋಡಬೇಕು. ‘ಬೀಪ್’ ಎಂದರೆ ಬ್ಯಾಟರಿ ಮುಟ್ಟಲೇಬಾರದು.

ಬೋರ್ಡಿಗೆ ಬುದ್ಧಿ ತುಂಬುವ ತಂತ್ರಾಂಶದ ಹೆಸರು ಬೀಟಾಫ್ಲೈಟ್. ಅದು ಉಚಿತ. ಕಂಪ್ಯೂಟರಿಗೆ ಜೋಡಿಸಿ, ಒಂದೊಂದೇ ಮೋಟರು ತಿರುಗಿಸಿ, ಸರಿಯಾದ ಮೂಲೆಯದು ಸರಿಯಾದ ಕಡೆ ತಿರುಗುತ್ತಿದೆಯೇ ಎಂದು ನೋಡಬೇಕು. ಆ ಹೊತ್ತಿನಲ್ಲಿ ರೆಕ್ಕೆ ಹಾಕಿರಬಾರದು. ಇದು ನಮ್ಮ ಮನೆಯ ಮೊದಲ ಕಾನೂನು.

ಎಲ್ಲ ಮುಗಿದು ಮೊದಲ ಹಾರಾಟದ ಸಂಜೆ ಬಂತು. ಮನೆಯವರೆಲ್ಲ ಪಡಸಾಲೆಯಲ್ಲಿ ನೆರೆದೆವು. ಕಡ್ಡಿ ಮೇಲೆ ಮಾಡಿದಳು. ಕಣಜದ ಹುಳು ಬಂದಂತೆ ಸದ್ದಾಯಿತು. ಡ್ರೋನ್ ಅಲ್ಲಿಯೇ ಪಲ್ಟಿ ಹೊಡೆದು ಅಂಗಾತ ಬಿತ್ತು. ಮತ್ತೆ ಮಾಡಿದಳು, ಮತ್ತೆ ಪಲ್ಟಿ. ಮಗ ಏನೂ ಅನ್ನದೆ ಎದ್ದು ಹೋದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ರಾತ್ರಿ ಒಂಬತ್ತರ ತನಕ ಹುಡುಕಿದೆವು. ತಪ್ಪು ಸಣ್ಣದು: ಎರಡು ರೆಕ್ಕೆ ಅದಲು-ಬದಲಾಗಿದ್ದವು. ರೆಕ್ಕೆಯ ಒಂದು ಅಂಚು ಎತ್ತರ, ಒಂದು ತಗ್ಗು ಇರುತ್ತದೆ. ಮೋಟರು ತಿರುಗುವ ದಿಕ್ಕಿನಲ್ಲಿ ಎತ್ತರದ ಅಂಚು ಮುಂದಿರಬೇಕು. ಬದಲಿಸಿ ಹಾಕಿ ಕಡ್ಡಿ ಎತ್ತಿದಳು. ದೇವರಮನೆಯ ಹೊಸ್ತಿಲಿನಷ್ಟೆತ್ತರ ಏರಿ, ಒಂದು ಕ್ಷಣ ನಡುಗಿ, ನಿಂತಿತು. ಮನೆಯಾಕೆ ಕೈಮುಗಿದಳು. ಡ್ರೋನಿಗೋ ದೇವರಿಗೋ, ನಾನು ಕೇಳಲಿಲ್ಲ.

ಹಂಚಿನ ಮೇಲೆ ಬ್ಯಾಟರಿ

ಅಜ್ಜ-ಅಜ್ಜಿಯರು ಗಮನವಿಟ್ಟು ಓದಬೇಕಾದ ಭಾಗ ಇದು. ಡ್ರೋನಿನಲ್ಲಿ ಇರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ನಮ್ಮದು 300 ಮಿಲಿಆಂಪಿಯರ್-ತಾಸಿನ ಪುಟ್ಟದು. ಒಂದು ತಾಸು ತುಂಬಿಸಿದ್ದನ್ನು ಹಾರುವಾಗ ನಾಲ್ಕು ನಿಮಿಷದಲ್ಲಿ ಖಾಲಿ ಮಾಡುತ್ತೇವೆ. ಹದಿನೈದು ಪಟ್ಟು ವೇಗ! ಅಷ್ಟು ವೇಗವಾಗಿ ಶಕ್ತಿ ಕೊಡುವ ವಸ್ತುವಿಗೆ ಪೆಟ್ಟಾದರೆ, ಹೆಚ್ಚು ತುಂಬಿದರೆ ಬೆಂಕಿ ಹತ್ತುತ್ತದೆ.

ಆದ್ದರಿಂದ ನಮ್ಮ ಮನೆಯಲ್ಲಿ ಬ್ಯಾಟರಿ ಚಾರ್ಜ್ ಆಗುವುದು ಕಡಪಾ ಕಲ್ಲಿನ ಮೇಲಿಟ್ಟ ನಾಡಹಂಚಿನಲ್ಲಿ. ಪಕ್ಕದಲ್ಲಿ ಒಂದು ಬಕೆಟ್ ಉಸುಕು. “ನನ್ನ ಹಂಚು ಯಾಕ ತಗೊಂಡ್ರಿ?” ಎಂದು ಮನೆಯಾಕೆ ಬೈದಳು, ಕಾರಣ ಕೇಳಿದ ಮೇಲೆ ಇನ್ನೊಂದು ಹಂಚು ತಂದುಕೊಟ್ಟಳು. ಚಾರ್ಜ್ ಆಗುವಾಗ ದೊಡ್ಡವರೊಬ್ಬರು ಅಲ್ಲಿಯೇ ಇರಬೇಕು. ರಾತ್ರಿ ಹಾಕಿ ಮಲಗಬಾರದು. 300 ಮಿಲಿಆಂಪಿಯರ್-ತಾಸಿನದನ್ನು 0.3 ಆಂಪಿಯರ್‌ನಲ್ಲಿ ತುಂಬುವುದು ಸುರಕ್ಷಿತ. ಪೂರಿಯಂತೆ ಉಬ್ಬಿದ ಬ್ಯಾಟರಿ ಮತ್ತೆ ಮುಟ್ಟಬಾರದು. ಹಲವು ದಿನ ಹಾರಿಸುವುದಿಲ್ಲವಾದರೆ ಪೂರ್ತಿ ತುಂಬಿಯೂ ಇಡಬಾರದು, ಖಾಲಿಯೂ ಇಡಬಾರದು, 3.8 ವೋಲ್ಟಿಗೆ ತಂದು ಇಡಬೇಕು. ಹೊಟ್ಟೆಯ ವಿಷಯದಲ್ಲಿ ಹಿರಿಯರು ಹೇಳುವ ಮಾತೇ ಇದು.

ನನ್ನ ಹೆಸರಿನ ನಷ್ಟ

ಮಾರ್ಚ್‌ನಲ್ಲಿ ಒಂದು ಅನಾಹುತವಾಯಿತು, ಮಾಡಿದವನು ನಾನೇ. ಅವಳು ಶಾಲೆಗೆ ಹೋಗಿದ್ದಳು. ಹಿಂದಿನ ದಿನ ಬಾಗಿಲಿಗೆ ಬಡಿದು ವಿಡಿಯೊ ಟ್ರಾನ್ಸ್‌ಮಿಟರಿನ ಕೂದಲೆಳೆಯಂಥ ಆಂಟೆನಾ ಕಿತ್ತುಹೋಗಿತ್ತು. ಚಿತ್ರ ಬರುತ್ತದೋ ನೋಡೋಣ ಎಂದು ನಾನು ಬ್ಯಾಟರಿ ಜೋಡಿಸಿ, ಗಾಗಲ್ ಹಾಕಿಕೊಂಡು ಕೂತೆ. ಐದು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟರ್ ಚಾಲೂ ಮಾಡಿದರೆ, ಹೊರಗೆ ಹೋಗಬೇಕಾದ ಶಕ್ತಿ ಒಳಗೇ ಉಳಿದು ಅದನ್ನು ಸುಡುತ್ತದೆ. ಇದನ್ನು ಅವಳು ನನಗೆ ಹೇಳಿದ್ದಳು. ನಾನು ಮರೆತಿದ್ದೆ.

ಸಂಜೆ ಅವಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಬ್ಯಾಂಕಿನಲ್ಲಿ ನಗದು ಕಡಿಮೆ ಬಿದ್ದ ದಿನ ಸಾಹೇಬರ ಎದುರು ನಿಂತಂತೆ ನಿಂತು ಹೇಳಿದೆ. ಅವಳು ಡ್ರೋನನ್ನು ತಿರುಗಿಸಿ ನೋಡಿದಳು. ಒಳಗೆ ಹೋಗಿ ಕೀರ್ದಿ ಪುಸ್ತಕ ತಂದು ನನ್ನ ಮುಂದಿಟ್ಟು, “ಬರಿ ಅಜ್ಜಾ” ಎಂದಳು. ಬಲಗಡೆಯ ಕಾಲಂನಲ್ಲಿ ಬರೆದೆ: ‘ವಿಡಿಯೊ ಟ್ರಾನ್ಸ್‌ಮಿಟರ್, ₹1,100, ಅಜ್ಜನ ಖಾತೆಗೆ.’ ಸಹಿ ಮಾಡಿದೆ. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ.

ಕಾವಲಿನ ಕೆಲಸ

ಗಾಗಲ್ ಹಾಕಿಕೊಂಡವರಿಗೆ ಸುತ್ತಲಿನದು ಕಾಣುವುದಿಲ್ಲ. ನಾಯಿ ಬಂತೇ, ಮಗು ಓಡಿಬಂತೇ ಗೊತ್ತಾಗುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಒಬ್ಬರು ನಿಂತು ಬರಿಗಣ್ಣಿನಿಂದ ಡ್ರೋನನ್ನೂ ನೆಲವನ್ನೂ ನೋಡುತ್ತಿರಬೇಕು. ಈ ಕೆಲಸಕ್ಕೆ ಅಜ್ಜಂದಿರಿಗಿಂತ ಯೋಗ್ಯರು ಯಾರಿದ್ದಾರೆ? ನಾನು ‘ಇಳಿಸು’ ಎಂದರೆ ಮರುಮಾತಿಲ್ಲದೆ ಇಳಿಸಬೇಕು. ಇದು ಎರಡನೇ ಕಾನೂನು.

ಸರಕಾರದ ಕಾನೂನೂ ಇದೆ. 2021ರ ಆಗಸ್ಟ್ 25ರಂದು ಹೊರಟ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ವರೆಗಿನವು ‘ನ್ಯಾನೊ’. ಇವನ್ನು ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ಅದಕ್ಕಿಂತ ಹೆಚ್ಚು, 2 ಕಿಲೋ ವರೆಗಿನವು ‘ಮೈಕ್ರೊ’. ಐದು ಇಂಚಿನ ಓಟದ ಡ್ರೋನ್ ಈ ಗುಂಪಿಗೆ ಬರುತ್ತದೆ. ಅದಕ್ಕೆ ನೋಂದಣಿ ಮುಂತಾದ ಜವಾಬ್ದಾರಿಗಳು ಹೆಚ್ಚು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ದೇಶವನ್ನು ಹಸಿರು, ಹಳದಿ, ಕೆಂಪು ವಲಯ ಮಾಡಿದ್ದಾರೆ. ಹಸಿರಿನಲ್ಲಿ 400 ಅಡಿ ವರೆಗೆ ಅವಕಾಶ. ಕೆಂಪಿನಲ್ಲಿ ಸರಕಾರದ ಅನುಮತಿ ಬೇಕೇ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ; ಹೊರಗೆ ಹಾರಿಸುವ ಮುಂಚೆ ನಕ್ಷೆ ನೋಡಿ. ಜಾತ್ರೆ, ಸಭೆ, ಜನ ಸೇರಿದ ಕಡೆ ಹಾರಿಸಲೇಬೇಡಿ. ಬೇರೆಯವರ ಅಂಗಳದ ಮೇಲೆ ಕ್ಯಾಮೆರಾ ಒಯ್ಯುವುದು ಇಣುಕಿ ನೋಡಿದಂತೆ.

ಗೋವಿನಜೋಳದ ಗೋದಾಮಿನಲ್ಲಿ ಓಟ

ಮೇ ತಿಂಗಳ ರಜೆಯಲ್ಲಿ ನಾಲ್ಕು ಅಜ್ಜಂದಿರು, ನಾಲ್ಕು ಮೊಮ್ಮಕ್ಕಳು ಹಿರೇಕೆರೂರಿನಲ್ಲಿ ಸೇರಿದೆವು. ಅಲ್ಲಿನ ಗೆಳೆಯರ ಗೋವಿನಜೋಳದ ಗೋದಾಮು ಆ ಹೊತ್ತಿಗೆ ಖಾಲಿ. ಹಳೆಯ ಸೈಕಲ್ ಟಯರುಗಳನ್ನು ಸುತಳಿಯಿಂದ ತೂಗುಬಿಟ್ಟು ಏಳು ಕಮಾನು ಮಾಡಿದೆವು. ಖರ್ಚು ಸುತಳಿಯದಷ್ಟೇ. ನಾವು ಹಾನಗಲ್ಲಿನಿಂದ ಒಂದು ಬುಟ್ಟಿ ಮಾವು ಒಯ್ದಿದ್ದೆವು. ಸವಣೂರಿನವರು ಖಾರಾ ತಂದಿದ್ದರು.

ಗಾಗಲ್ ಒಂದೇ ಇದ್ದದ್ದರಿಂದ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಬೇಕು. ಮೂರು ಸುತ್ತು, ಕಮಾನು ತಪ್ಪಿದರೆ ಹಿಂದಿರುಗಿ ದಾಟಬೇಕು. ಗಡಿಯಾರ ಹಿಡಿಯಲು ನಮ್ಮನ್ನು ಬಿಡಲು ಬಂದ ನನ್ನ ಮಗನೇ ಬೇಕಾಯಿತು. ಅಜ್ಜಂದಿರ ಬೆರಳು ನಿಧಾನ.

ಶಿಗ್ಗಾವಿಯ ಹುಡುಗನ ಬ್ಯಾಟರಿ ಎರಡನೇ ಸುತ್ತಿಗೇ ಸೋತಿತು. ಹಿರೇಕೆರೂರಿನ ಹುಡುಗಿ 71 ಸೆಕೆಂಡಿಗೆ ಮುಗಿಸಿದಳು. ನನ್ನ ಮೊಮ್ಮಗಳು ಎಲ್ಲರಿಗಿಂತ ಜೋರಾಗಿ ಹೊರಟಳು. ಕೊನೆಯ ಸುತ್ತಿನ ಐದನೇ ಟಯರಿನ ಅಂಚಿಗೆ ಬಡಿದು ಕಂಬಕ್ಕೆ ಅಪ್ಪಳಿಸಿತು. ‘ಚಟ್’ ಎಂದು ಸದ್ದು. ಚೌಕಟ್ಟಿನ ಒಂದು ಬಳೆ ಮುರಿದಿತ್ತು. ಆದರೂ ಡ್ರೋನ್ ನಡುಗುತ್ತ ಮೇಲೆದ್ದಿತು. ವಾಲುತ್ತ, ಅಳುವ ದನಿಯಲ್ಲಿ ಉಳಿದೆರಡು ಕಮಾನು ದಾಟಿತು. 64 ಸೆಕೆಂಡು.

ಸವಣೂರಿನ ಹುಡುಗ ಏಳನೇ ಇಯತ್ತೆ, ಎಲ್ಲರಿಗಿಂತ ಚಿಕ್ಕವನು. ಅವಸರವೇ ಇಲ್ಲ. ಒಂದೇ ಹದದಲ್ಲಿ ಓಡಿಸಿ 59 ಸೆಕೆಂಡಿಗೆ ಮುಗಿಸಿದ. ಸಿಮ್ಯುಲೇಟರಿನಲ್ಲಿ ಯಾರಿಗಿಂತಲೂ ಹೆಚ್ಚು ದಿನ ಕೂತವನು ಅವನೇ ಎಂದು ಆಮೇಲೆ ತಿಳಿಯಿತು.

ಊರಿಗೆ ಬರುವಾಗ ಮೊಮ್ಮಗಳು ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು. ಮಗ ಗಾಡಿ ಓಡಿಸುತ್ತಲೇ ಕೇಳಿದ: “ಚೌಕಟ್ಟಿಗೆ ಎಷ್ಟಾಕ್ಕತಿ?” “ಮುನ್ನೂರು. ಅದು ನನ್ನ ಕಾಲಂ, ಅಪ್ಪಾ” ಎಂದಳು. “ಗೊತ್ತೈತಿ. ಕೇಳಿದೆ ಅಷ್ಟ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಆ ಮುರಕ ಡ್ರೋನ್ ತಗೊಂಡು ಎರಡು ಟಯರ್ ಹೆಂಗ ದಾಟಿಸಿದಿ?” ಎಂದು ಕೇಳಿದ. ಹಾನಗಲ್ ಬರುವ ತನಕ ಅವಳು ಹೇಳುತ್ತಲೇ ಇದ್ದಳು. ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ.

ಮೊನ್ನೆ ಅವಳು ಮತ್ತೆ ಒಂದು ಹಾಳೆ ಹಿಡಿದು ಬಂದಳು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಟ್ಟಬೇಕೆಂದಿರುವ ಐದು ಇಂಚಿನ ಡ್ರೋನಿನ ಪಟ್ಟಿ. ಈ ಸಲ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿದ್ದಳು. ಎಡಗಡೆ ನೋಡಿದೆ. ಚಾರ್ಜರ್ ಒಂದು ಮಾತ್ರ ದೊಡ್ಡದು ಬೇಕು, ಅದರ ಮುಂದೆ ಬೆಲೆ ಇತ್ತು. ಟ್ರಾನ್ಸ್‌ಮಿಟರ್, ಗಾಗಲ್, ಬೆಸುಗೆ ಕಡ್ಡಿ, ಮಲ್ಟಿಮೀಟರ್, ಎಲ್ಲದರ ಮುಂದೆ ಬೆಲೆಯ ಬದಲು ಒಂದೇ ಶಬ್ದ ಬರೆದಿದ್ದಳು: ‘ಐತಿ.’

ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸಾಲಿತ್ತು. ‘ಕಾವಲಿಗೆ ಅಜ್ಜ: ಐತಿ.’

ಕೂಡಿಸಿದ್ದು ಬರೋಬರಿ ಇತ್ತು. ಸಹಿ ಮಾಡಿ ಕೊಟ್ಟೆ.